ಕಿಟಕಿಯ ಪರದೆಯೂ ಹಗಲು ನಿದ್ದೆಯೂ

(ಮುನಿರ್ಕಾದಲ್ಲಿ ಸೇರಿದ್ದ ಹೋಟೆಲ್ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಪರದೆಯ ಮೇಲೂ ಒಂದು ಭಾಷಣವೇ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕದ್ದು ನನಗೆ ಕೇಳಿಸಿತು. ನಗಲಿ. ಹತ್ತು ವರ್ಷ ಹೋಟೆಲಿನ ಲಾಂಡ್ರಿಯಲ್ಲಿದ್ದು, ಸಾಹುಕಾರರ ಕೊಠಡಿಗಳಿಗೆ ಪರದೆ ಏರಿಸಿ ಇಳಿಸಿದವನು ನಾನು. ನನ್ನ ಸ್ವಂತ ಕೋಣೆಯ ಕಿಟಕಿಗೆ ಮಾತ್ರ ಹಳೆಯ ಪತ್ರಿಕೆಯನ್ನು ಅಂಟಿಸಿಕೊಂಡಿದ್ದೆ. ರಾತ್ರಿ ಪಾಳಿ ಮುಗಿಸಿ ಬಂದು ಏಳಕ್ಕೆ ಮಲಗಿದರೆ ಎಂಟಕ್ಕೆಲ್ಲ ಬಿಸಿಲು ಮುಖದ ಮೇಲೆ. ಹೀಗೆ ಒಂದು ವಾರ ನಿದ್ದೆಗೆಟ್ಟು, ಒಂದು ರಾತ್ರಿ ತೂಕಡಿಸುತ್ತಾ ಕಾದ ಇಸ್ತ್ರಿಯ ಮೇಲೆ ಕೈಯಿಟ್ಟೆ. ಹದಿನೈದು ದಿನದ ಸಂಬಳ ಹೋಯಿತು. ಅಷ್ಟು ದುಡ್ಡಿನಲ್ಲಿ ನಾಲ್ಕು ಕಿಟಕಿಗೆ ಪರದೆ ಬರುತ್ತಿತ್ತು!

ಆದುದರಿಂದ ಪರದೆಯನ್ನು ಷೋಕಿಯ ವಸ್ತುವೆಂದು ತಿಳಿಯಬೇಡಿ. ಬೆಳಕು ಬಿದ್ದರೆ ಶರೀರ ಏಳುವ ಹೊತ್ತಾಯಿತೆಂದು ತಿಳಿಯುತ್ತದೆ. ಹಗಲು ಮಲಗುವವನಿಗೆ ಕತ್ತಲೆಯನ್ನು ನಾವೇ ಮಾಡಿಕೊಡಬೇಕು.

ಬಟ್ಟೆಯನ್ನು ಅಂಗಡಿಯಲ್ಲೇ ದೀಪಕ್ಕೆ ಹಿಡಿದು ನೋಡಿ. ಹಿಂದೆ ಇಟ್ಟ ಬೆರಳಿನ ನೆರಳು ಕಂಡರೆ ಅದು ನಮಗಲ್ಲ. ಗಂಜಿಯ ಮೋಸವನ್ನು ಮಿಲ್ಲಿನಲ್ಲಿ ದುಡಿದವರಿಗೆ ನಾನು ಹೇಳಬೇಕಾಗಿಲ್ಲ. ಉಳಿದವರು ಎರಡು ಹೆಬ್ಬೆರಳ ನಡುವೆ ಉಜ್ಜಿ ನೋಡಲಿ. ಪುಡಿ ಉದುರಿದರೆ ಒಂದೇ ಒಗೆತಕ್ಕೆ ಆ ದಪ್ಪವೆಲ್ಲ ನೀರು ಪಾಲು. ದಟ್ಟ ಬಣ್ಣದ ಹತ್ತಿಬಟ್ಟೆ ಕೊಂಡು, ಕಿಟಕಿಯ ಕಡೆಗೆ ಒಂದು ಹಳೆಯ ಬಿಳಿ ಪಂಚೆಯನ್ನು ಅಸ್ತರಿ ಹೊಲಿಸಿ. ಬಿಳಿಯದು ಬಿಸಿಲನ್ನು ಹಿಂದಕ್ಕೆ ಹೊಡೆಯುತ್ತದೆ, ಬಣ್ಣದ ಬಟ್ಟೆಯೂ ಬೇಗ ಮಾಸುವುದಿಲ್ಲ. ದೊಡ್ಡ ಹೋಟೆಲುಗಳ ಪರದೆಗೂ ಹೀಗೆಯೇ ಅಸ್ತರಿ ಇರುತ್ತದೆ.

ಅಳತೆಯಲ್ಲಿ ಜಿಪುಣತನ ಬೇಡ. ಅಗಲ ಕಿಟಕಿಯ ಎರಡರಷ್ಟಿರಲಿ, ಇಲ್ಲವಾದರೆ ನೆರಿಗೆಯೇ ಬೀಳದು. ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಕಿಟಕಿಗೆ 48 ಅಂಗುಲದ ಪನ್ನೆಯ ಬಟ್ಟೆ ನಾಲ್ಕು ಗಜ, ಅಂದರೆ ಸುಮಾರು 3.66 ಮೀಟರು ಬೇಕು. ಮೇಲೆ ಕೆಳಗೆ ಆರಾರು ಅಂಗುಲ ಇಳಿಬಿಡುವುದಕ್ಕೂ ಮಡಿಸಿ ಹೊಲಿಯುವುದಕ್ಕೂ ಅದರಲ್ಲೇ ಸಾಲುತ್ತದೆ. ಹತ್ತಿ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗೀತು. ನೆನೆಸಿ ಒಣಗಿಸಿದ ಮೇಲೆಯೇ ದರ್ಜಿಗೆ ಕೊಡಿ.

ಸಂಸಾರವಂದಿಗರ ಕಷ್ಟ ಬೇರೆ. ಮುನಿರ್ಕಾ ಹಳ್ಳಿಯ ಗಲ್ಲಿಗಳಲ್ಲಿ ನಮ್ಮ ಕಿಟಕಿಗೂ ಎದುರು ಮನೆಯ ಕಿಟಕಿಗೂ ಎಷ್ಟು ದೂರವೆಂಬುದನ್ನು ಅಕ್ಕತಂಗಿಯರನ್ನೇ ಕೇಳಿ. ದಿನವೆಲ್ಲ ಪರದೆ ಎಳೆದು ಕತ್ತಲಲ್ಲಿ ಬೇಯುವ ಬದಲು, ನಡುವೆ ಒಂದು ತಂತಿ ಕಟ್ಟಿ ಕೆಳಗಿನ ಅರ್ಧಕ್ಕೆ ಮಾತ್ರ ಪರದೆ ಬಿಡಿ. ಮರೆಯೂ ಆಯಿತು, ಮೇಲಿನಿಂದ ಗಾಳಿ ಬೆಳಕೂ ಬಂದವು. ಆ ಕಿಟಕಿಯ ಕೆಳಗೇ ಒಲೆಯಿದ್ದರೆ ಮೊದಲು ಒಲೆಯನ್ನು ಸರಿಸಿ. ನೈಲಾನಿಗೆ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. ಹತ್ತಿಯೂ ಧಗ್ಗನೆ ಹೊತ್ತುತ್ತದೆ.

ಮೇ-ಜೂನ್ ತಿಂಗಳ ಲೂ ಗಾಳಿಗೆ ಒಳಗಿನ ಪರದೆಯೊಂದೇ ಸಾಲದು. ಗಾಜು ದಾಟಿ ಬಂದ ಶಾಖ ಕೋಣೆಗೆ ಬಂದಂತೆಯೇ. ಅದನ್ನು ಹೊರಗೇ ತಡೆಯಬೇಕು. ಬಿದಿರಿನ ಚಿಕ್ಕು, ಆಗದಿದ್ದರೆ ಗೋಣಿಯ ತಟ್ಟಿಯಾದರೂ ಕಿಟಕಿಯ ಹೊರಗೆ ಕಟ್ಟಿ. ಕೂಲರ್ ಇದ್ದವರು ಎದುರು ಕಿಟಕಿಯನ್ನು ಸ್ವಲ್ಪ ತೆರೆದಿಡಿ. ಎಲ್ಲ ಮುಚ್ಚಿದರೆ ತೇವದ ಗಾಳಿ ಒಳಗೇ ನಿಂತು ಮೈಯೆಲ್ಲ ಅಂಟುತ್ತದೆ.

ಚಳಿಗಾಲದ ಮಾತೊಂದನ್ನು ದಯವಿಟ್ಟು ಗಮನವಿಟ್ಟು ಕೇಳಿ. ದಪ್ಪ ಪರದೆ ಎಳೆದು, ಸಂದಿಗೆಲ್ಲ ಬಟ್ಟೆ ತುರುಕಿ, ಹೊಗೆಯಿಲ್ಲವಲ್ಲ ಎಂದು ಕೆಂಡದ ಅಂಗೀಠಿಯನ್ನು ಒಳಗಿಟ್ಟು ಮಲಗುವವರು ನಮ್ಮಲ್ಲಿದ್ದಾರೆ. ಆ ಕೆಂಡದಿಂದ ಏಳುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವನಿಗೆ ಎಚ್ಚರವೇ ಆಗದು. ದೆಹಲಿಯ ಚಳಿಗಾಲದಲ್ಲಿ ಹೀಗೆ ಎಷ್ಟೋ ಮಂದಿ ಸತ್ತಿದ್ದಾರೆ. ಇನ್ನೊಂದು ಕಂಬಳಿ ಸಾಲ ಕೇಳಿ, ನಾಚಿಕೆಯೇನಿಲ್ಲ. ಅಂಗೀಠಿ ಮಾತ್ರ ಹೊರಗಿರಲಿ.

ಇನ್ನು ಒಗೆತ. ಆಂಧಿಯ ಧೂಳನ್ನು ಮಹಡಿಯ ಮೇಲೆ ಕೊಡವದೆ ನೀರಿಗೆ ಹಾಕಿದರೆ ಕೆಸರಾಗುತ್ತದೆ. ಹೊಸ ಪರದೆಯನ್ನು ಬೇರೆಯಾಗಿ, ತಣ್ಣೀರಿನಲ್ಲಿ ಒಗೆದು ನೆರಳಲ್ಲಿ ಒಣಹಾಕಿ. ಲಾಂಡ್ರಿಯವನ ಗುಟ್ಟೊಂದನ್ನು ಹೇಳುತ್ತೇನೆ: ಇನ್ನೂ ಸ್ವಲ್ಪ ಹಸಿಯಿರುವಾಗಲೇ ಕಿಟಕಿಗೆ ಏರಿಸಿಬಿಡಿ. ತನ್ನ ಭಾರಕ್ಕೆ ತಾನೇ ಸುಕ್ಕು ಬಿಡುತ್ತದೆ, ಇಸ್ತ್ರಿಯ ಗೊಡವೆಯೇ ಇಲ್ಲ. ತಂತಿಯ ತುಕ್ಕು ಹತ್ತಿದ್ದರೆ ನಿಂಬೆರಸ, ಉಪ್ಪು ಸವರಿ ಬಿಸಿಲಿಗಿಟ್ಟು ತೊಳೆಯಿರಿ.

ಮುಂದಿನ ಭಾನುವಾರ ನಾವು ಕೆಲವರು ಲಾಜಪತ ನಗರದ ಪೇಟೆಗೆ ಹೋಗುತ್ತಿದ್ದೇವೆ. ಐದಾರು ಕೋಣೆಯವರು ಸೇರಿ ಒಂದೇ ಥಾನು ಕೊಂಡರೆ ಚೌಕಾಸಿಗೆ ಬಲ ಬರುತ್ತದೆ. ಬರುವವರು ಕಿಟಕಿಯ ಅಳತೆಯನ್ನು ಚೀಟಿಯಲ್ಲಿ ಬರೆದು ತನ್ನಿ; ಅಂದಾಜಿನ ಮೇಲೆ ಬರಬೇಡಿ.