ನಿಲ್ಲದ ಯಂತ್ರದ ನವೀಕರಣ

ಹಳೆಯ ದೇವಾಲಯದ ಜೀರ್ಣೋದ್ಧಾರ ನಡೆಯುವಾಗಲೂ ಪೂಜೆ ನಿಲ್ಲಬಾರದೆಂಬುದು ಆಗಮದ ವಿಧಿ. ಅದಕ್ಕೆಂದೇ ಬಾಲಾಲಯವೆಂಬ ತಾತ್ಕಾಲಿಕ ಗುಡಿಯನ್ನು ಏರ್ಪಡಿಸಿ, ಮೂಲಮೂರ್ತಿಯ ಕಳೆಯನ್ನು ಅಲ್ಲಿಗೆ ಆವಾಹಿಸಿ, ನಿತ್ಯಾರ್ಚನೆಯನ್ನು ಮುಂದುವರಿಸುತ್ತಾರೆ; ಶಿಲ್ಪಿಗಳು ಗರ್ಭಗೃಹಕ್ಕೆ ಕೈಹಾಕುವುದು ಅನಂತರ. ಬ್ಯಾಂಕು, ಆಸ್ಪತ್ರೆ, ದೂರವಾಣಿ ಸಂಸ್ಥೆಗಳ ಗಣಕಯಂತ್ರಗಳನ್ನು ನೋಡಿಕೊಳ್ಳುವವರ ಸಮಸ್ಯೆಯೂ ಇದೇ ಜಾತಿಯದು. ವ್ಯತ್ಯಾಸವಿಷ್ಟೆ: ಅವರು ಬಾಲಾಲಯವನ್ನು ವರ್ಷಕ್ಕೆ ಹಲವು ಬಾರಿ ಕಟ್ಟಬೇಕು, ಅದೂ ಭಕ್ತರಿಗೆ ತಿಳಿಯದಂತೆ.

ಒಂದೇ ಕೆಲಸಕ್ಕೆ ಹಲವು ಸರ್ವರುಗಳನ್ನು ಜೋಡಿಸಿ, ಒಂದು ಕೆಟ್ಟರೆ ಉಳಿದವು ಅದರ ಭಾರವನ್ನು ತಾವಾಗಿಯೇ ಹೊರುವಂತೆ ಮಾಡಿದ ಏರ್ಪಾಡಿಗೆ ಕ್ಲಸ್ಟರ್ ಎಂದು ಹೆಸರು. ನಾವು ಗೊಂಚಲು ಎನ್ನೋಣ. ಚೆನ್ನಾಗಿ ನಡೆಯುತ್ತಿರುವ ಗೊಂಚಲನ್ನು ಮುಟ್ಟುವುದೇಕೆ ಎಂದು ಶ್ರೋತೃಗಳು ಕೇಳಬಹುದು. ಯಂತ್ರಕ್ಕಿರುವಂತೆ ತಂತ್ರಾಂಶಕ್ಕೂ ಆಯುಸ್ಸುಂಟು. ಸರ್ವರುಗಳಲ್ಲಿ ಬಹುವಾಗಿ ಬಳಕೆಯಲ್ಲಿದ್ದ ಸೆಂಟ್‌ಓಎಸ್ ೭ ಎಂಬ ಆಪರೇಟಿಂಗ್ ಸಿಸ್ಟಮ್ಮಿಗೆ ಅದರ ನಿರ್ಮಾಪಕರ ಆಸರೆ ೨೦೨೪ರ ಜೂನ್ ೩೦ಕ್ಕೆ ಮುಗಿಯಿತು. ಆಮೇಲೆ ಅದರಲ್ಲಿ ಹೊಸ ಬಿರುಕು ಕಂಡರೆ ಅವರು ಮುಚ್ಚಿಕೊಡುವುದಿಲ್ಲ. ಆದ್ದರಿಂದ ಬದಲಿಸಲೇಬೇಕು. ಆದರೆ ಯಾವಾಗ? ಹಿಂದೆ ಬ್ಯಾಂಕುಗಳಿಗೆ ರಾತ್ರಿಯೆಂಬುದೊಂದಿತ್ತು. ನಮ್ಮ ದೇಶದಲ್ಲಿ ನೆಫ್ಟ್ ಹಣ ವರ್ಗಾವಣೆ ೨೦೧೯ರ ಡಿಸೆಂಬರಿನಿಂದ, ಆರ್‌ಟಿಜಿಎಸ್ ೨೦೨೦ರ ಡಿಸೆಂಬರಿನಿಂದ ಹಗಲಿರುಳೂ ತೆರೆದಿವೆ. ಬಾಗಿಲು ಹಾಕಿಕೊಂಡು ದುರಸ್ತಿ ಮಾಡುವ ಹೊತ್ತೇ ಈಗ ಉಳಿದಿಲ್ಲ.

ಗೊಂಚಲಿದೆಯಲ್ಲ, ಭಯವೇಕೆ ಎನ್ನುವವರಿದ್ದಾರೆ. ಆ ಧೈರ್ಯವೇ ನನ್ನಲ್ಲಿ ಭಯ ಹುಟ್ಟಿಸುವಂಥದು. ಒಂದು ಕೆಟ್ಟಾಗ ಉಳಿದವು ನಿಲ್ಲಲೆಂದು ಹಲವನ್ನು ಇಟ್ಟಿರುತ್ತೇವೆ. ಎಲ್ಲಕ್ಕೂ ಒಂದೇ ತಪ್ಪನ್ನು ನಾವೇ ಕೈಯಾರೆ ತುಂಬಿದರೆ ಎಣಿಕೆ ಹೆಚ್ಚಿದ್ದು ಯಾವ ಉಪಯೋಗಕ್ಕೂ ಬಾರದು. ಅಮೆರಿಕದ ಎಟಿ ಅಂಡ್ ಟಿ ಸಂಸ್ಥೆಯ ದೂರಕರೆಗಳನ್ನು ೧೧೪ ದೊಡ್ಡ ಸ್ವಿಚ್ಚುಗಳು ಸಾಗಿಸುತ್ತಿದ್ದವು. ೧೯೮೯ರ ಡಿಸೆಂಬರಿನಲ್ಲಿ ಅವೆಲ್ಲಕ್ಕೂ ಹೊಸ ತಂತ್ರಾಂಶ ಬಂತು. ಉದ್ದೇಶ ಒಳ್ಳೆಯದೇ: ಮುಗ್ಗರಿಸಿ ಎದ್ದ ಸ್ವಿಚ್ಚನ್ನು ನೆರೆಯವು ಬೇಗ ಗುರುತಿಸಲಿ ಎಂದು. ೧೯೯೦ರ ಜನವರಿ ೧೫ರಂದು ನ್ಯೂಯಾರ್ಕಿನ ಒಂದು ಸ್ವಿಚ್ಚು ಸಣ್ಣದೊಂದು ದೋಷದಿಂದ ಕೆಲವು ಸೆಕೆಂಡು ವಿರಮಿಸಿ, ಎದ್ದು, ಮತ್ತೆ ಕರೆಗಳನ್ನು ಕಳುಹಿಸತೊಡಗಿತು. ಅದು ಎದ್ದ ಸಂಗತಿಯನ್ನು ನೆರೆಯ ಸ್ವಿಚ್ಚು ಬರೆದುಕೊಳ್ಳುತ್ತಿರುವಾಗಲೇ ಎರಡನೆಯ ಸಂದೇಶ ಬಂದು ಬಿದ್ದರೆ, ತಪ್ಪು ಸ್ಥಳದಲ್ಲಿ ಕುಳಿತಿದ್ದ ಒಂದೇ ಒಂದು ಆಜ್ಞೆಯ ದೆಸೆಯಿಂದ ಅದರ ಲೆಕ್ಕ ಕಲಸಿಹೋಗುತ್ತಿತ್ತು. ಆಗ ಅದೂ ವಿರಮಿಸಿ, ಎದ್ದು, ತನ್ನ ನೆರೆಯನ್ನು ಕೆಡವಿತು. ಈ ಬೀಳುವಿಕೆ ಏಳುವಿಕೆಗಳು ದೇಶಾದ್ಯಂತ ಒಂಬತ್ತು ಗಂಟೆಗಳ ಕಾಲ ನಡೆದು, ಸಂಸ್ಥೆಯ ದೂರಕರೆಗಳಲ್ಲಿ ಹೆಚ್ಚುಕಡಿಮೆ ಅರ್ಧ ತಲುಪದೆ ಹೋದವು. ಆ ತಪ್ಪು ಒಂದು ತಿಂಗಳು ಸದ್ದಿಲ್ಲದೆ ಕುಳಿತಿತ್ತೆಂಬುದನ್ನೂ ಗಮನಿಸಬೇಕು.

ಹಾಗಾದರೆ ಒಂದೊಂದಾಗಿ ಬದಲಿಸಬೇಕು. ಈಗಿನ ರೂಢಿಯೂ ಅದೇ. ಒಂದು ಸರ್ವರಿನ ಕೆಲಸವನ್ನು ಉಳಿದವಕ್ಕೆ ಹಂಚಿ, ಅದನ್ನು ಬರಿದುಮಾಡಿ, ನವೀಕರಿಸಿ, ಕೆಲಕಾಲ ಕಾದು ನೋಡಿ, ಮರಳಿ ಸೇರಿಸಿ, ಬಳಿಕ ಮುಂದಿನದಕ್ಕೆ ಹೋಗುವುದು. ಕೇಳಲು ಸರಳ, ಲೆಕ್ಕ ಅಷ್ಟು ಸರಳವಲ್ಲ. ಸದಸ್ಯರ ನಡುವಣ ಸಂಪರ್ಕ ಕಡಿದು ಗೊಂಚಲು ಎರಡು ಪಂಗಡವಾದರೆ, ಎರಡೂ ತಾವೇ ಯಜಮಾನರೆಂದು ಒಂದೇ ಖಾತೆಯಲ್ಲಿ ಬರೆಯತೊಡಗುವ ಅಪಾಯವುಂಟು. ಆದಕಾರಣ ಬಹುಮತವಿರುವ ಪಂಗಡ ಮಾತ್ರ ಕೆಲಸ ಮಾಡಬೇಕೆಂದು ನಿಯಮ, ನಮ್ಮ ಸಭೆಗಳ ಕೋರಂ ಇದ್ದಂತೆ. ಮೂರು ಸರ್ವರುಗಳಲ್ಲಿ ಒಂದನ್ನು ನವೀಕರಣಕ್ಕೆ ಬಿಡಿಸಿಕೊಂಡಾಗ ಉಳಿದೆರಡೇ ಬಹುಮತ. ಆ ಹೊತ್ತಿನಲ್ಲಿ ಇನ್ನೊಂದು ಕೆಟ್ಟರೆ, ಮೂರನೆಯದು ಆರೋಗ್ಯವಾಗಿದ್ದೂ ಕೈಕಟ್ಟಿ ನಿಲ್ಲುತ್ತದೆ. ಐದಿದ್ದರೆ, ಒಂದನ್ನು ತೆಗೆದ ಮೇಲೂ ಮತ್ತೊಂದು ಕೆಡುವಷ್ಟು ಅವಕಾಶವಿರುತ್ತದೆ. ತಲಾ ನೂರಕ್ಕೆ ಅರವತ್ತರಷ್ಟು ದುಡಿಯುತ್ತಿರುವ ಎರಡು ಸರ್ವರುಗಳಲ್ಲಿ ಒಂದೇ ಎರಡರ ಭಾರವನ್ನು ಹೊರಲಾರದೆಂಬುದಂತೂ ಹೇಳಬೇಕಾದ ಮಾತೇ ಅಲ್ಲ. ಕಾಗದ ಪೆನ್ಸಿಲಿನಿಂದ ತೀರುವ ಈ ಲೆಕ್ಕವನ್ನು ನವೀಕರಣದ ನಡುರಾತ್ರಿಗೆ ಉಳಿಸಿಕೊಳ್ಳಬಾರದು.

ಇದಕ್ಕಿಂತ ಸೂಕ್ಷ್ಮವಾದದ್ದು ನಡುವಣ ಸ್ಥಿತಿ, ಕೆಲವು ಸರ್ವರುಗಳು ಹಳೆಯ ಭಾಷೆಯನ್ನೂ ಕೆಲವು ಹೊಸ ಭಾಷೆಯನ್ನೂ ಆಡುತ್ತಿರುವ ಹೊತ್ತು. ನೈಟ್ ಕ್ಯಾಪಿಟಲ್ ಎಂಬ ಅಮೆರಿಕದ ಷೇರು ವ್ಯವಹಾರ ಸಂಸ್ಥೆಯಲ್ಲಿ ಆರ್ಡರುಗಳನ್ನು ಪೇಟೆಗೆ ಕಳುಹಿಸುವ ಎಂಟು ಸರ್ವರುಗಳಿದ್ದವು. ೨೦೧೨ರ ಜುಲೈ ಕೊನೆಯಲ್ಲಿ ಹೊಸ ತಂತ್ರಾಂಶವನ್ನು ಹಂತಹಂತವಾಗಿ ಹಾಕುವಾಗ ಏಳಕ್ಕೆ ಹಾಕಿ ಎಂಟನೆಯದಕ್ಕೆ ಹಾಕುವುದು ಬಿಟ್ಟುಹೋಯಿತು. ಎರಡನೆಯವರೊಬ್ಬರು ಪರಿಶೀಲಿಸಬೇಕೆಂಬ ಲಿಖಿತ ನಿಯಮ ಅಲ್ಲಿರಲಿಲ್ಲ. ಆ ಎಂಟನೆಯದರಲ್ಲಿ ಪವರ್ ಪೆಗ್ ಎಂಬ, ೨೦೦೩ರಲ್ಲಿಯೇ ಬಳಕೆ ತಪ್ಪಿದ್ದ ಹಳೆಯ ಭಾಗವೊಂದು ಇನ್ನೂ ಜೀವ ಹಿಡಿದಿತ್ತು. ಅದನ್ನು ಎಬ್ಬಿಸುತ್ತಿದ್ದ ಸಂಕೇತವನ್ನೇ ಹೊಸ ತಂತ್ರಾಂಶ ಬೇರೆ ಕೆಲಸಕ್ಕೆ ಬಳಸಿಕೊಂಡಿತ್ತು. ಆಗಸ್ಟ್ ೧ರಂದು ಪೇಟೆ ತೆರೆದೊಡನೆ ಏಳು ಸರ್ವರುಗಳು ಆ ಸಂಕೇತವನ್ನು ಹೊಸ ಅರ್ಥದಲ್ಲಿ ಓದಿದವು, ಎಂಟನೆಯದು ಹಳೆಯ ಅರ್ಥದಲ್ಲಿ. ಆರ್ಡರು ಪೂರ್ತಿಯಾಯಿತೆಂದು ಎಣಿಸುವ ಭಾಗವನ್ನು ೨೦೦೫ರಲ್ಲಿ ಬೇರೆಡೆಗೆ ಸರಿಸಿದ್ದರಿಂದ ಅದಕ್ಕೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯಲಿಲ್ಲ. ಗ್ರಾಹಕರ ೨೧೨ ಸಣ್ಣ ಆರ್ಡರುಗಳನ್ನು ಪೂರೈಸಲು ಹೊರಟು ಸುಮಾರು ೪೫ ನಿಮಿಷಗಳಲ್ಲಿ ೪೦ ಲಕ್ಷಕ್ಕೂ ಹೆಚ್ಚು ವ್ಯವಹಾರಗಳು ನಡೆದುಹೋದವು. ನಷ್ಟ ೪೬ ಕೋಟಿ ಡಾಲರಿಗೂ ಮಿಗಿಲು.

ನನ್ನನ್ನು ಹೆಚ್ಚು ಕಾಡುವುದು ಆ ೪೫ ನಿಮಿಷಗಳ ಒಳಗೆ ನಡೆದ ಇನ್ನೊಂದು ಸಂಗತಿ. ಗಾಬರಿಗೊಂಡವರು ಹೊಸ ತಂತ್ರಾಂಶವೇ ದೋಷಿಯೆಂದು ತಿಳಿದು, ಸರಿಯಾಗಿದ್ದ ಏಳರಿಂದಲೂ ಅದನ್ನು ತೆಗೆದರು. ಈಗ ಎಂಟೂ ಹಳೆಯ ಅರ್ಥವನ್ನೇ ಓದತೊಡಗಿದವು! ಹಿಂದಿರುಗುವ ದಾರಿ ಯಾವಾಗಲೂ ತೆರೆದಿರುತ್ತದೆಂಬ ನಂಬಿಕೆ ಹೀಗೆ ಮೋಸಮಾಡುತ್ತದೆ. ಅದೇ ವರ್ಷದ ಜೂನಿನಲ್ಲಿ ಬ್ರಿಟನ್ನಿನ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಸಮೂಹವು ರಾತ್ರಿಯ ಲೆಕ್ಕಗಳನ್ನು ಸಾಲಾಗಿ ನಡೆಸುವ ತಂತ್ರಾಂಶವನ್ನು ನವೀಕರಿಸಿ, ತೊಂದರೆ ಕಂಡು, ಹಿಂದಕ್ಕೆ ಸರಿಯಿತು. ನವೀಕರಿಸಿದ ರೂಪಕ್ಕೂ ಹಿಂದಿನ ರೂಪಕ್ಕೂ ಹೊಂದಿಕೆಯಿರಲಿಲ್ಲ. ೬೫ ಲಕ್ಷ ಗ್ರಾಹಕರು ಬಾಧಿತರಾದರು. ೨೦೧೪ರಲ್ಲಿ ೫.೬ ಕೋಟಿ ಪೌಂಡು ದಂಡ ಬಿತ್ತು. ಸಂಬಳ ಬರಬೇಕಾಗಿದ್ದವರಿಗೆ, ಬಾಡಿಗೆ ಕಟ್ಟಬೇಕಾಗಿದ್ದವರಿಗೆ ಆ ದಂಡದಿಂದ ಆದ ಸಮಾಧಾನವೆಷ್ಟೋ!

ಆದ್ದರಿಂದ ಯೋಜನೆ ಬರೆಯುವಾಗ ಮುಂದಕ್ಕೆ ಹೋಗುವ ಹೆಜ್ಜೆಗಳಿಗಿಂತ ಹಿಂದಕ್ಕೆ ಬರುವ ಹೆಜ್ಜೆಗಳಿಗೆ ಹೆಚ್ಚು ಪುಟ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಆಪರೇಟಿಂಗ್ ಸಿಸ್ಟಮ್ಮನ್ನೂ ಅದರ ಮೇಲಣ ತಂತ್ರಾಂಶವನ್ನೂ ಒಂದೇ ರಾತ್ರಿ ಬದಲಿಸಿದರೆ, ಕೆಟ್ಟದ್ದು ಯಾವುದೆಂದು ಬೆಳಗಾದರೂ ತಿಳಿಯುವುದಿಲ್ಲ. ದತ್ತಾಂಶದ ರೂಪ ಬದಲಾಗುವುದಾದರೆ, ಮೊದಲು ಎಲ್ಲ ಸರ್ವರುಗಳಿಗೂ ಹಳತು ಹೊಸತು ಎರಡನ್ನೂ ಓದುವ ಶಕ್ತಿ ಬರಬೇಕು. ಹೊಸ ರೂಪದಲ್ಲಿ ಬರೆಯತೊಡಗುವುದು ಬೇರೊಂದು ದಿನದ ಕೆಲಸ. ಬರೆಯತೊಡಗಿದ ಮೇಲೆ ಹಿಂದಿರುಗುವುದು ದುಸ್ತರವಾದ್ದರಿಂದ ಆ ಗಡಿಯನ್ನು ಯೋಜನೆಯಲ್ಲಿ ಎದ್ದು ಕಾಣುವಂತೆ ಗುರುತಿಸಬೇಕು. ಇಷ್ಟು ಗಂಟೆಗೆ ಇಷ್ಟು ಆಗದಿದ್ದರೆ ಹಿಂದಿರುಗುವೆವು, ಹಾಗೆಂದು ಹೇಳುವ ಅಧಿಕಾರ ಇಂಥವರದು ಎಂಬುದನ್ನು ಎಲ್ಲರೂ ನಿದ್ದೆಗೆಡುವ ಮೊದಲೇ ನಿಶ್ಚಯಿಸಿಡಬೇಕು. ಕೆಲಸ ಮುಗಿದ ಮೇಲೆ, ಅದನ್ನು ಮಾಡದ ಇನ್ನೊಬ್ಬರು ಪ್ರತಿಯೊಂದು ಸರ್ವರನ್ನೂ ಹೆಸರು ಹಿಡಿದು ಕರೆದು, ನಿನ್ನಲ್ಲಿರುವುದು ಯಾವ ಆವೃತ್ತಿ ಎಂದು ಕೇಳಿ ಬರೆದುಕೊಳ್ಳಬೇಕು.

ಯಂತ್ರದ ಮಾತನ್ನು ಕೇಳಿಸಿಕೊಳ್ಳಲು ಒಬ್ಬರನ್ನು ನೇಮಿಸುವುದೂ ಯೋಜನೆಗೆ ಸೇರಿದ್ದೇ. ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ ನೈಟ್ ಸಂಸ್ಥೆಯ ಕುರಿತು ೨೦೧೩ರಲ್ಲಿ ಹೊರಡಿಸಿದ ಆದೇಶದಲ್ಲಿ ಈ ವಿವರವಿದೆ: ಆಗಸ್ಟ್ ೧ರ ಬೆಳಗ್ಗೆ ೮ ಗಂಟೆ ೧ ನಿಮಿಷದಿಂದ ಆ ಸಂಸ್ಥೆಯ ಸಿಬ್ಬಂದಿಗೆ ಪವರ್ ಪೆಗ್ಗಿನ ಹೆಸರು ಹೇಳುವ ೯೭ ಇಮೇಲುಗಳು ತಾವಾಗಿ ಬಂದಿದ್ದವು. ಎಚ್ಚರಿಕೆಯೆಂದು ಉದ್ದೇಶಿಸಿದವಲ್ಲವಾದ್ದರಿಂದ ಅವನ್ನು ಬಂದ ಕೂಡಲೇ ನೋಡುವ ವಾಡಿಕೆ ಇರಲಿಲ್ಲ. ಪೇಟೆ ತೆರೆದದ್ದು ೯ ಗಂಟೆ ೩೦ ನಿಮಿಷಕ್ಕೆ.