ರಕ್ತದ ಗುಂಪು ಮತ್ತು ಒಂದು ನುಕ್ತೆ



ಭಾಷೆ ಕಲಿಸುವ ಮೇಷ್ಟರಿಗೆ ರಕ್ತದ ವಿಷಯವೇಕೆ ಎಂದು ಕೆಲವರು ನಗುತ್ತಿರಬಹುದು. ಆದರೆ ನನಗೆ ಇದು ಅರ್ಥವಾದದ್ದೇ ಉರ್ದು ಅಕ್ಷರಗಳಿಂದ.

ನಮ್ಮ ಕೆಂಪು ರಕ್ತಕಣಗಳ ಮೈಮೇಲೆ ಸಕ್ಕರೆಯ ಅಣುಗಳಿಂದಾದ ಗುರುತುಗಳಿವೆ. ಇವೇ ಪ್ರತಿಜನಕಗಳು, ಅಂದರೆ ಆಂಟಿಜೆನ್. ಇದು ನನ್ನದು, ಇದು ಹೊರಗಿನದು ಎಂದು ದೇಹ ತೀರ್ಮಾನಿಸುವುದು ಈ ಗುರುತು ನೋಡಿ. 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ತೋರಿಸಿಕೊಟ್ಟರು. ಅದಕ್ಕೆ 1930ರಲ್ಲಿ ನೊಬೆಲ್ ಬಂತು.

ಈಗ 'ಬಡೀ ಹೇ' ಬರೆಯಿರಿ. ಮೇಲೊಂದು ನುಕ್ತೆ ಇಟ್ಟರೆ 'ಖೇ', ಹೊಟ್ಟೆಯೊಳಗೆ ಇಟ್ಟರೆ 'ಜೀಮ್'. ರಕ್ತದಲ್ಲೂ 'ಎಚ್' ಎಂಬ ಮೂಲ ಗುರುತೊಂದಿದೆ. ಅದಕ್ಕೆ ಒಂದು ಬಗೆಯ ಸಕ್ಕರೆ ಸೇರಿದರೆ 'ಎ', ಇನ್ನೊಂದು ಸೇರಿದರೆ 'ಬಿ', ಎರಡು ಬಗೆಯವೂ ಇದ್ದರೆ 'ಎಬಿ'. ಏನೂ ಸೇರದಿದ್ದರೆ 'ಓ'. ಕರುಳಿನ ಬ್ಯಾಕ್ಟೀರಿಯಾಗಳ ಮೇಲೂ ಇಂಥ ಸಕ್ಕರೆಗಳಿರುವುದರಿಂದ, ನಮ್ಮಲ್ಲಿ ಇಲ್ಲದ ಗುರುತಿನ ವಿರುದ್ಧ ಪ್ರತಿಕಾಯಗಳು ಎಳವೆಯಲ್ಲೇ ತಯಾರಾಗಿರುತ್ತವೆ. 'ಎ' ಗುಂಪಿನವರಿಗೆ 'ಬಿ' ರಕ್ತ ಕೊಟ್ಟರೆ ಕಣಗಳು ಒಡೆದು, ಮೂತ್ರಪಿಂಡ ಕೆಟ್ಟು, ಪ್ರಾಣಕ್ಕೇ ಕುತ್ತು. 'ಓ' ಮಾತ್ರ ಯಾರಿಗೂ ಆಗುತ್ತದೆ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ.

ಆ ಪಾಠಕ್ಕೆ ಅಪವಾದ ಸಿಕ್ಕಿದ್ದು ನಮ್ಮ ದೇಶದಲ್ಲೇ. 'ಓ' ರಕ್ತದ ಜೊತೆಗೂ ಹೊಂದದ ರಕ್ತವನ್ನು 1952ರಲ್ಲಿ ಬೊಂಬಾಯಿಯ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ವರದಿ ಮಾಡಿದರು. ಅದರಲ್ಲಿ 'ಎಚ್' ಗುರುತೇ ಇರಲಿಲ್ಲ. ನುಕ್ತೆ ಹೋಗಲಿ, ಅಕ್ಷರವೇ ಇಲ್ಲ! ಇದೇ ಬಾಂಬೆ ಬ್ಲಡ್ ಗ್ರೂಪ್. ಭಾರತದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರಿಗಿದೆ. ಇವರಿಗೆ ಇದೇ ಗುಂಪಿನವರ ರಕ್ತ ಮಾತ್ರ ಆಗುತ್ತದೆ.

ಅಪಾಯ ಎಲ್ಲಿದೆ ನೋಡಿ. ಗಾಜಿನ ಪಟ್ಟಿಯ ಮೇಲೆ 'ಎ', 'ಬಿ' ಮಾತ್ರ ಪರೀಕ್ಷಿಸಿದರೆ ಇವರ ರಕ್ತವೂ 'ಓ' ಎಂದೇ ಕಾಣುತ್ತದೆ. ರಕ್ತನಿಧಿಯಲ್ಲಿ ಕೊಡುವವರ, ಪಡೆಯುವವರ ರಕ್ತ ಹೊಂದಿಸಿ ನೋಡುವ ಕ್ರಾಸ್ ಮ್ಯಾಚಿಂಗ್‌ನಲ್ಲಿ ಗುಟ್ಟು ಬಯಲಾಗುತ್ತದೆ. ಆದ್ದರಿಂದ ತುರ್ತು ಎಂದು ಅವಸರಪಡಿಸಿ ಅದನ್ನು ತಪ್ಪಿಸಬೇಡಿ.

ಇದು ತಂದೆ ತಾಯಿ ಇಬ್ಬರಿಂದಲೂ ಬರಬೇಕಾದ ಗುಣ. ರಕ್ತಸಂಬಂಧದಲ್ಲೇ ಮದುವೆಯಾಗುವ ಮನೆತನಗಳಲ್ಲಿ ಸಾಧ್ಯತೆ ಹೆಚ್ಚು. ಹಿರಿಯರು ಇದನ್ನು ಗಮನಿಸಬೇಕು. ಒಬ್ಬರಲ್ಲಿ ಕಂಡುಬಂದರೆ ಮೊದಲು ಅಣ್ಣತಮ್ಮ, ಅಕ್ಕತಂಗಿಯರ ಪರೀಕ್ಷೆಯಾಗಲಿ. ಪ್ರತಿಯೊಬ್ಬರಿಗೂ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ, ಆಪತ್ತಿಗೆ ಒದಗುವವರೂ ಅವರೇ.

ನನ್ನ ಗುರುತಿನ ಚೀಟಿಯಲ್ಲೂ 'ಓ' ಎಂದಿದೆ, ಯಾವುದೋ ಶಿಬಿರದಲ್ಲಿ ಬೆರಳು ಚುಚ್ಚಿ ಬರೆದದ್ದು. ಈ ಭಾಷಣ ಬರೆಯುತ್ತಾ ಅನುಮಾನ ಹುಟ್ಟಿ, ರಕ್ತನಿಧಿಗೆ ಹೋಗಿ 'ಎಚ್' ಪರೀಕ್ಷೆ ಮಾಡಿಸಿದೆ. ಮಾಮೂಲಿ 'ಓ' ಎಂದರು.