ಬಲಿಪೂಜೆಯಲ್ಲಿ ತುತೂರಿಯ ದನಿ
(ಗಾನವೃಂದದ ಸಭೆಯಲ್ಲಿ ಮಾಡಿದ ಭಾಷಣ)



ಟ್ರಂಪೆಟ್ಟಿನ ದನಿ ಇಡೀ ಸಭೆಯನ್ನು ಸೆಳೆಯಬಲ್ಲದು. ಅದೇ ಅದರ ಭಾಗ್ಯ, ಅದೇ ಅಪಾಯ. ಭಕ್ತರ ಮನಸ್ಸು ಬಲಿಪೀಠದಿಂದ ಜಾರಿ ವಾದಕನತ್ತ ಹೊರಳಿದರೆ ಪೂಜೆಯು ಸಂಗೀತ ಕಚೇರಿಯಾದೀತು. ಆದ್ದರಿಂದ ಕೃತಿಯನ್ನು ಆಯುವ ಮುನ್ನ ಪೂಜೆಯ ಆ ಗಳಿಗೆ ಏನನ್ನು ಬೇಡುತ್ತದೆಂದು ಅರಿಯಬೇಕು.

1967ರ ‘ಮೂಸಿಕಾಂ ಸಾಕ್ರಂ’ ಆದೇಶವು ಗುರುಗಳು ಬಲಿಪೀಠವನ್ನು ತಲಪುವ ಮುನ್ನ, ಕಾಣಿಕೆಯ ಅರ್ಪಣೆಯಲ್ಲಿ, ಪರಮಪ್ರಸಾದ ಸ್ವೀಕಾರದಲ್ಲಿ ಹಾಗೂ ಪೂಜಾಂತ್ಯದಲ್ಲಿ ವಾದ್ಯವನ್ನು ಒಂಟಿಯಾಗಿ ನುಡಿಸಲು ಅವಕಾಶವಿತ್ತಿದೆ. ಪೂಜಾಂತ್ಯಕ್ಕೆ ಜೆರಮಾಯ ಕ್ಲಾರ್ಕನ ‘ಡೆನ್ಮಾರ್ಕಿನ ರಾಜಕುಮಾರನ ನಡೆ’ ಒಪ್ಪುತ್ತದೆ. ಆದರೆ ಪರಮಪ್ರಸಾದದ ವೇಳೆ ಅದೇ ಘೋಷವು ಪ್ರಾರ್ಥನೆಯನ್ನು ಕದಡೀತು. ಅಲ್ಲಿಗೆ, ಬಾಕನು 1723ರಲ್ಲಿ ಮಾತೆ ಮರಿಯಮ್ಮನವರ ಸಂದರ್ಶನದ ಹಬ್ಬಕ್ಕೆ ಅಣಿಗೊಳಿಸಿದ 147ನೆಯ ಕಂಟಾಟದಲ್ಲಿ ಯೇಸುವನ್ನು ತನ್ನ ಆನಂದವೆಂದು ಕೊಂಡಾಡುವ ಸ್ತುತಿಗೀತೆಯೇ ಲೇಸು. ಅದರ ಮೂಲದಲ್ಲಿ ಟ್ರಂಪೆಟ್ಟು ಗಾಯಕರ ರಾಗವನ್ನೇ ಹಿಡಿದು ಸಾಗುತ್ತದೆ, ಅವರನ್ನು ಮೀರುವುದಿಲ್ಲ. ವಾದಕನಿಗೆ ಇದಕ್ಕಿಂತ ಮಿಗಿಲಾದ ಪಾಠವುಂಟೆ?

ತಪಸ್ಸುಕಾಲದಲ್ಲಿ, ನಾಲ್ಕನೆಯ ಭಾನುವಾರ, ಮಹೋತ್ಸವ ಹಾಗೂ ಹಬ್ಬಗಳ ಹೊರತು, ವಾದ್ಯವು ಹಾಡಿಗೆ ಆಸರೆ ಮಾತ್ರ. ಆಗ ತುತೂರಿಯನ್ನು ಪೆಟ್ಟಿಗೆಯಲ್ಲಿರಿಸುವುದೂ ಒಂದು ಆಯ್ಕೆಯೇ. ಆ ಮೌನವನ್ನು ಕಾಯ್ದುಕೊಂಡವನ ದನಿಯೇ ಪಾಸ್ಖ ಹಬ್ಬದಂದು ಪ್ರಭುವಿನ ಪುನರುತ್ಥಾನವನ್ನು ನಿಜವಾಗಿ ಸಾರೀತು.